ಕಡಿಯುವುದು, ಗಳಿಸುವುದು, ಕಟ್ಟುವುದು

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಮಕ್ಕಳು ಮಳೆಗಾಲದ ಸಂಜೆ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಲೂಡೋ ಆಡುವಾಗ ‘ಗೋಟಿ ಮಾರಲಿ’ ಎಂಬ ಕೂಗು ನಮ್ಮ ಅಡುಗೆಮನೆಯವರೆಗೂ ಕೇಳಿಸುತ್ತದೆ. ಇದನ್ನೇ ಮೈಸೂರು ಕಡೆಯವಳಾದ ನನ್ನ ಪತ್ನಿ ‘ಕಾಯಿ ಕಡಿಯುವುದು’ ಎನ್ನುತ್ತಾಳೆ. ಎದುರಾಳಿಯ ಕಾಯಿ ಇರುವ ಮನೆಗೆ ನಮ್ಮ ಕಾಯಿ ಹೋಗಿ ಕುಳಿತರೆ ಎದುರಾಳಿಯ ಕಾಯಿ ತಾನು ಹೊರಟ ಜಾಗಕ್ಕೆ ಮರಳಬೇಕು. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಲೂಡೋಕ್ಕೆ ಈ ಕ್ರಮ ಬಂದದ್ದು ನಮ್ಮ ಪಚ್ಚೀಸಿಯಿಂದ. ಆದರೆ ಅವಳ ತವರಿನ ಚೌಕಾಬಾರದಲ್ಲಿ ಒಂದು ಕಾಯನ್ನಾದರೂ ಕಡಿಯದವರಿಗೆ ಒಳಸುತ್ತಿನ ಪ್ರವೇಶವಿಲ್ಲ. ಲೂಡೋದಲ್ಲಿ ಯಾರನ್ನೂ ಮುಟ್ಟದೆ ಗೆಲ್ಲಬಹುದು. ಚೌಕಾಬಾರದಲ್ಲಿ, ಕಾಯಿಯನ್ನು ಕಡಿಯಲಾಗದ ಮನೆಗಳಾದ ಕಟ್ಟೆಯಿಂದ ಕಟ್ಟೆಗೆ ಅಡಗಿ ಸಾಗುವವನೂ ಒಮ್ಮೆ ಅಪಾಯಕ್ಕೆ ಒಡ್ಡಿಕೊಳ್ಳಲೇಬೇಕು. ನನಗೆ ಎರಡನೆಯದೇ ಮೇಲೆನಿಸುತ್ತದೆ.

ಪುತ್ತೂರಿನಲ್ಲಿ ಬೆಳೆದ ನನಗೆ ಆಟವೆಂದರೆ ತುಳುನಾಡಿನ ಮಳೆಗಾಲದ ಆಟಿ ತಿಂಗಳ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ, ಅಂದರೆ ಕೆಂಪು ಬೀಜಗಳು. ಗುಳಿಗೊಂದರಂತೆ ಬಿತ್ತುತ್ತ ಹೋದಂತೆ ಕೈ ಬರಿದಾಗಿ, ಮುಂದಿನ ಗುಳಿಯೂ ಖಾಲಿಯಿದ್ದರೆ, ಅದರಾಚೆಯ ಗುಳಿಯಲ್ಲಿರುವುದೆಲ್ಲ ನಮ್ಮ ಗಳಿಕೆ. ಇಲ್ಲಿ ಯಾವ ಕಾಯಿಗೂ ಬಣ್ಣದ ಗುರುತಿಲ್ಲ, ಒಡೆಯನಿಲ್ಲ. ಈಗಷ್ಟೇ ನಾನು ಬಿತ್ತಿದ ಕಾಯಿ ಮರುಗಳಿಗೆಯಲ್ಲಿ ಎದುರಾಳಿಯ ಮಡಿಲು ಸೇರಬಹುದು. ದಾಳದ ಹಂಗೂ ಇಲ್ಲದ ಕಾರಣ, ಸೋತಾಗ ಅದೃಷ್ಟವನ್ನು ದೂರುವಂತಿಲ್ಲ, ಎಣಿಕೆ ತಪ್ಪಿತೆಂದೇ ಒಪ್ಪಬೇಕು. ಸಾಲುಮನೆ ಆಟದ ಬಗೆ ಬೇರೆ: ನಮ್ಮ ಮೂರು ಕಾಯಿ ಸಾಲುಗೂಡಿದರೆ ಎದುರಾಳಿಯದೊಂದನ್ನು ಎತ್ತಿಬಿಡಬಹುದು. ಮರಾಠಿಗರು ಇದನ್ನು ನವಕಂಕರಿ ಎನ್ನುತ್ತಾರೆ.

ಆದರೂ ಇವೆಲ್ಲಕ್ಕಿಂತ ಶ್ರೀಮಂತವಾದದ್ದು ಹುಲಿ-ಕುರಿ ಆಟವೆಂಬುದು ನನ್ನ ದೃಢ ಅಭಿಪ್ರಾಯ. ಒಂದೇ ಮಣೆಯ ಮೇಲೆ ಎರಡು ಪಕ್ಷಗಳಿಗೆ ಎರಡು ನೀತಿ. ಮೂರು ಹುಲಿಗಳು ಪಕ್ಕದ ಕುರಿಯ ಮೇಲಿಂದ ನೇರ ಗೆರೆಯಲ್ಲಿ ಆಚೆಯ ಖಾಲಿ ಬಿಂದುವಿಗೆ ಹಾರಿ ಅದನ್ನು ತಿನ್ನುತ್ತವೆ. ಹದಿನೈದು ಕುರಿಗಳಿಗೆ ಯಾರನ್ನೂ ತಿನ್ನುವ ಹಕ್ಕಿಲ್ಲ, ಹುಲಿಯನ್ನು ಅಲುಗದಂತೆ ಕಟ್ಟುವುದೊಂದೇ ಅವುಗಳ ದಾರಿ.

ಕಳೆದ ಭಾನುವಾರ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಣೆ ಬರೆದು, ಹುಣಸೆಬೀಜಗಳನ್ನು ಕುರಿಗಳಾಗಿಸಿ, ಪಕ್ಕದ ಮನೆಯ ಹುಡುಗಿಗೆ ಈ ಆಟ ಕಲಿಸಿದೆ. ಮೊದಲ ಆಟದಲ್ಲಿ ಅವಳು ಹುಲಿಯ ಮಗ್ಗುಲಿಗೇ ಒಂಟಿ ಬೀಜಗಳನ್ನಿಟ್ಟು ಆರು ಕುರಿ ಕಳೆದುಕೊಂಡಳು. ಎರಡನೆಯ ಆಟದಲ್ಲಿ, ಒಂದು ಕುರಿಯ ಬೆನ್ನಿಗೆ ಇನ್ನೊಂದು ನಿಂತರೆ ಹುಲಿಗೆ ಹಾರಲು ಜಾಗವಿರದೆಂಬುದನ್ನು ನಾನು ಹೇಳುವ ಮೊದಲೇ ಕಂಡುಕೊಂಡಳು. ಬೀಜಗಳು ಜೋಡಿಜೋಡಿಯಾಗಿ ಮಣೆಯ ಅಂಚಿನಿಂದ ಮೇಲೇರಿದವು. ನನ್ನ ಮೂರನೆಯ ಹುಲಿಗೂ ನಡೆ ಇಲ್ಲದಾದಾಗ ಅವಳು ಬಹಳ ಹೊತ್ತು ಒಂದೊಂದೇ ಗೆರೆಯ ಮೇಲೆ ಬೆರಳಾಡಿಸಿ, ‘ಕಾಕಾ, ಕುಠೇಚ್ ಜಾಗಾ ನಾಹೀ’ (ಎಲ್ಲೂ ಜಾಗವೇ ಇಲ್ಲ) ಎಂದಳು. ಮುಂದಿನ ಬೇಸಿಗೆಯ ಮಕ್ಕಳ ಶಿಬಿರಕ್ಕೆ ಹತ್ತು ಮಣೆಗಳನ್ನು ಬರೆದುಕೊಡುತ್ತೇನೆಂದು ನಮ್ಮ ಕನ್ನಡ ಸಂಘದವರಿಗೆ ಆಗಲೇ ತಿಳಿಸಿದ್ದೇನೆ.