ಗುಬ್ಬಿ ದಾಟದ ಟ್ಯಾಬ್ಲೆಟ್

ನಮ್ಮಮ್ಮನ ಟ್ಯಾಬ್ಲೆಟ್ ಗುಬ್ಬಿಯಲ್ಲಿ ನಿಂತುಹೋದ ಕಥೆ ನನ್ನ ಜೊತೆ ರೈಲಿನಲ್ಲಿ ಓಡಾಡುವ ಅರ್ಧ ಬೋಗಿಗೆ ಗೊತ್ತು. ಆದರೆ ಅವರಿಗೆ ಗೊತ್ತಿರುವುದು ಫೋನಿನಲ್ಲಿ ಕೇಳಿಸಿದಷ್ಟು ಮಾತ್ರ. ಆ ಬೋಗಿಯಲ್ಲಿ ನನಗೆ ಇನ್ನೂ ಒಳ್ಳೆ ಹೆಸರಿಲ್ಲ.

2015ರಲ್ಲಿ ಕೊಂಡ ಹತ್ತು ಇಂಚಿನ ಟ್ಯಾಬ್ಲೆಟ್ ಅದು. 2 ಜಿಬಿ ರ್‍ಯಾಮ್, 32 ಜಿಬಿ ಜಾಗ. ಆ 32ರಲ್ಲಿ ಬಹುಪಾಲು ಜಾಗದಲ್ಲಿ ಮೊದಲಿದ್ದ ಓಎಸ್ಸೇ, ಅಂದರೆ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವೇ, ಚಾಪೆ ಹಾಸಿಕೊಂಡು ಮಲಗಿತ್ತು. ಅಪ್‌ಡೇಟ್ ಬಂದಾಗೆಲ್ಲ ಜಾಗ ಸಾಲದು ಅನ್ನುತ್ತಿತ್ತು, ಜಾಗ ಮಾಡಿಕೊಟ್ಟರೆ ಇನ್ನೂ ಸಾಲದು ಅನ್ನುತ್ತಿತ್ತು. ಕೊನೆಗೆ ಶೋಕೇಸ್ ಸೇರಿ ಮಗಳ ಪೆನ್ಸಿಲ್ ಡಬ್ಬಕ್ಕೆ ತಟ್ಟೆಯಾಗಿ ಕೂತಿತು. ಹೋದ ವರ್ಷ ಅಮ್ಮ, "ಫೋನಲ್ಲಿ ಯೂಟ್ಯೂಬು ತೀರಾ ಚಿಕ್ಕದಾಗಿ ಕಾಣುತ್ತೆ ಕಣೋ, ಒಂದು ದೊಡ್ಡದು ತಂದುಕೊಡು" ಅಂದಳು.

ಅಂಗಡಿಗೆ ಹೋಗಿ ತಂದುಕೊಟ್ಟಿದ್ದರೆ ಮುಗೀತಿತ್ತು. ಆದರೆ ಅದೇ ವಾರ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಗೆಳೆಯನೊಬ್ಬನಿಗೆ ಲಿನಕ್ಸ್ ಅನ್ನುವ ಓಎಸ್ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದಿದ್ದೆ. ಹಳೇ ಯಂತ್ರಕ್ಕೆ ಹೊಸ ಜೀವ, ಕಾಸು ಕೊಡಬೇಕಿಲ್ಲ, ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು ಅಂತೆಲ್ಲ. ಅವನು ವಡೆ ಮುರಿಯುತ್ತಾ ಒಂದೇ ಪ್ರಶ್ನೆ ಕೇಳಿದ. "ಆನ್ ಆಗುತ್ತಾ?"

ಆನ್ ಆಗದೆ ಏನು ಅಂದೆ.

ಆ ಕಾಲದ ಅಗ್ಗದ ಟ್ಯಾಬ್ಲೆಟ್‌ಗಳಲ್ಲಿ ಒಂದು ವಿಚಿತ್ರ ಇತ್ತು. ಪ್ರೊಸೆಸರ್ 64 ಬಿಟ್. ಆದರೆ ಸ್ವಿಚ್ ಒತ್ತಿದ ಕೂಡಲೇ ಎಲ್ಲರಿಗಿಂತ ಮೊದಲು ಏಳುವ ಫರ್ಮ್‌ವೇರ್, ಯುಇಎಫ್‌ಐ ಅನ್ನುವುದು, 32 ಬಿಟ್. ಸಾವಿರ ಜನ ಹಿಡಿಸುವ ಮದುವೆ ಛತ್ರಕ್ಕೆ ಹಿತ್ತಲ ಬಾಗಿಲನ್ನೇ ಮುಂಬಾಗಿಲು ಮಾಡಿದ ಹಾಗೆ. ಬಗ್ಗಿ ಒಳಗೆ ಹೋಗಲು ಗೊತ್ತಿರಬೇಕು. ಲಿನಕ್ಸಿನ ತಿರುಳಾದ ಕರ್ನಲ್ 2014ರಲ್ಲಿ, 3.15ನೇ ಆವೃತ್ತಿಯಲ್ಲೇ ಈ ಬಗ್ಗುವ ವಿದ್ಯೆ ಕಲಿತಿತ್ತು. ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 2015ರ ತನ್ನ 8ನೇ ಆವೃತ್ತಿಯಲ್ಲಿ ಕಲಿತಿತ್ತು. ನಾನು ಕಲಿತಿರಲಿಲ್ಲ. ಕೈಗೆ ಸಿಕ್ಕಿದ ಯಾವುದೋ ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ ಚುಚ್ಚುತ್ತಿದ್ದೆ, ಟ್ಯಾಬ್ಲೆಟ್ ಅದನ್ನು ನೋಡಿಯೂ ನೋಡದ ಹಾಗೆ ಸುಮ್ನೆ ಇರುತ್ತಿತ್ತು. ಎರಡು ಸಂಜೆ ಹೀಗೇ ಹೋಯಿತು. ಪೆನ್‌ಡ್ರೈವ್ ಕೆಟ್ಟಿದೆ ಅಂತ ಇನ್ನೊಂದು ತಂದೆ, ಅದೂ ಕೆಟ್ಟಿದೆ ಅಂದುಕೊಂಡೆ. ಒಳಗೆ ಆ 32 ಬಿಟ್ ಬಾಗಿಲಿಗೆ ಹೊಂದುವ, ಬೂಟ್ ಐಎ 32 ಅನ್ನುವ ಒಂದು ಚೂರು ಫೈಲ್ ಇರಬೇಕಿತ್ತು, ಅಷ್ಟೇ.

ಇನ್ನೊಂದು ಕಷ್ಟ ಹೇಳಬೇಕು. ಈ ಟ್ಯಾಬ್ಲೆಟ್‌ಗೆ ಇರುವುದೇ ಒಂದು ತೂತು. ಚಾರ್ಜರ್ರೂ ಅಲ್ಲೇ, ಪೆನ್‌ಡ್ರೈವೂ ಅಲ್ಲೇ. ಓಟಿಜಿ ವೈರು ಹಾಕಿ, ಅದಕ್ಕೆ ಹಬ್ ಸಿಕ್ಕಿಸಿ, ಹಬ್ಬಿಗೆ ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಎಲ್ಲ ತಗುಲಿಸಿದರೆ ಆಸ್ಪತ್ರೆಯ ಐಸಿಯು ಮಂಚದ ಹಾಗೆ ಕಾಣುತ್ತಿತ್ತು. ಅಷ್ಟು ಹೊತ್ತೂ ಚಾರ್ಜ್ ಇಲ್ಲ. ಮೂರನೇ ಸಂಜೆ ಸರಿಯಾದ ಡೆಬಿಯನ್ ಪೆನ್‌ಡ್ರೈವ್ ಮಾಡಿ ಕೂತಾಗ ಬ್ಯಾಟರಿ 40 ಪರ್ಸೆಂಟ್. ಇನ್‌ಸ್ಟಾಲ್ ಮೊದಲು ಮುಗಿಯುತ್ತೋ ಬ್ಯಾಟರಿ ಮೊದಲು ಮುಗಿಯುತ್ತೋ ಅಂತ ನಾನು ಉಸಿರು ಬಿಗಿಹಿಡಿದು ಕಾದಿದ್ದು, ಮಗಳ ಹೆರಿಗೆಯಲ್ಲಿ ಬಿಟ್ಟರೆ ಇಲ್ಲೇ.

ಪರದೆಯ ಅಕ್ಷರವೆಲ್ಲ ಬೇರೆ ಅಡ್ಡಡ್ಡ. ಪ್ಯಾನೆಲ್ ಹುಟ್ಟಿದ್ದೇ ಉದ್ದುದ್ದ ನಿಲ್ಲಲು, ಅದನ್ನು ಮಲಗಿಸಿ ಡಬ್ಬಿಗೆ ಹಾಕಿದ್ದಾರೆ. ಆನ್ ಆಗುವಾಗಿನ ಆ ಕಪ್ಪು ಪರದೆಗೆ ಇದು ಗೊತ್ತಿಲ್ಲ. ಟ್ಯಾಬ್ಲೆಟ್ಟನ್ನೇ ತಿರುಗಿಸಿದರೆ ಓಟಿಜಿ ವೈರು ಸಡಿಲ. ಹಾಗಾಗಿ ನಾನೇ ತಿರುಗಿದೆ. ಮಂಚದ ಮೇಲೆ ಪಕ್ಕಕ್ಕೆ ಮಲಗಿ, ಕೆನ್ನೆ ಹಾಸಿಗೆಗೆ ಒತ್ತಿ, ಡಿಸ್ಕಿನ ಜಾಗ ಹೇಗೆ ಪಾಲಾಗಿದೆ ಅಂತ ಓದುತ್ತಿದ್ದಾಗ ಹೆಂಡತಿ ಬಂದಳು. "ಏನ್ರೀ, ಕತ್ತು ಹಿಡ್ಕೊಂಡಿತಾ?" ಇಲ್ಲ, ಪಾರ್ಟಿಷನ್ ನೋಡ್ತಿದೀನಿ ಅಂದೆ. "ಅಣ್ಣ ತಮ್ಮಂದಿರು ಸುಮ್ಮನಿದ್ದಾರಲ್ಲ, ನಿಮಗ್ಯಾಕೆ ಈಗ ಪಾರ್ಟಿಷನ್ನು" ಅಂದು ದೀಪ ಆರಿಸಿಕೊಂಡು ಹೋದಳು.

ಅಂತೂ ಆಯಿತು. ಆ ಖುಷಿಯಲ್ಲಿ ಮನೆಯವರಿಗೆಲ್ಲ ಡೆಬಿಯನ್ ಇತಿಹಾಸ ಹೇಳಿದೆ. 1993ರಲ್ಲಿ ಇಯಾನ್ ಮರ್ಡಾಕ್ ಅನ್ನುವವನು ಶುರು ಮಾಡಿದ್ದು, ಆಗಿನ ಗೆಳತಿ, ಮುಂದೆ ಹೆಂಡತಿಯಾದ ಡೆಬ್ರಾ ಹೆಸರಿಗೆ ತನ್ನ ಹೆಸರು ಸೇರಿಸಿ ಡೆಬಿಯನ್ ಮಾಡಿದ್ದು. ಹೊಸ ಮನೆಗೆ ಗಂಡ ಹೆಂಡತಿ ಹೆಸರು ಕೂಡಿಸಿ ಇಡುತ್ತಾರಲ್ಲ, ಹಾಗೆ. "ನೋಡಿ, ಅವನು ಪ್ರಪಂಚಕ್ಕೇ ಹೆಂಡತಿ ಹೆಸರಿಟ್ಟ. ನನ್ನ ಹೆಸರಲ್ಲಿ ಗ್ಯಾಸ್ ಕನೆಕ್ಷನ್ ಒಂದಿದೆ" ಅಂದಳು ಇವಳು. ಇತಿಹಾಸ ಅಲ್ಲಿಗೆ ನಿಲ್ಲಿಸಿದೆ.

ಅಮ್ಮ ಎರಡು ತಿಂಗಳು ಹಾಯಾಗಿ ಭಜನೆ, ಅಡುಗೆ, ಹಳೇ ನಾಟಕ ಎಲ್ಲ ನೋಡಿದಳು. ಆಮೇಲೆ ತಿಪಟೂರಿನ ತವರಿಗೆ ಹೋಗಿ ಹತ್ತು ದಿನ ಇದ್ದಳು. ಟ್ಯಾಬ್ಲೆಟ್ ಇಲ್ಲೇ ಬಿದ್ದು ಬ್ಯಾಟರಿ ಪೂರ್ತಿ ಸತ್ತಿತು. ಸತ್ತಾಗ ಫರ್ಮ್‌ವೇರ್‌ಗೆ ನೆನಪೂ ಹೋಯಿತು. ಡೆಬಿಯನ್ ಇಂಥ ಕಡೆ ಇದೆ ಅಂತ ಗುರುತು ಬರೆದುಕೊಂಡಿತ್ತಲ್ಲ, ಅದೇ ಅಳಿಸಿಹೋಯಿತು. ಚಾರ್ಜ್ ಮಾಡಿ ಆನ್ ಮಾಡಿದರೆ ಬರೀ ಫರ್ಮ್‌ವೇರ್ ಸೆಟ್ಟಿಂಗ್ಸ್. ಡೆಬಿಯನ್ ಒಳಗೇ ಇದೆ, ಕರೆಯುವವರು ಇಲ್ಲ.

ಇಲ್ಲಿ ನಾನೊಂದು ಜಾಣತನ ಮಾಡಿದೆ. ಎಲ್ಲಿಂದಲೋ ಇಳಿಸಿಟ್ಟುಕೊಂಡಿದ್ದ ಬೂಟ್ ಐಎ 32 ಫೈಲನ್ನೇ ಟ್ಯಾಬ್ಲೆಟ್ಟಿನ ಒಳಗೆ ಕಾಪಿ ಮಾಡಿದೆ. ನೆನಪು ಹೋದ ಫರ್ಮ್‌ವೇರ್ ಕೂಡ ಆ ಹೆಸರನ್ನು ಹುಡುಕಿಕೊಂಡು ಹೋಗುತ್ತದೆ. ಹೋಯಿತು. ಆದರೆ ಆ ಫೈಲ್ ಬೇರೆ ಮನೆಯದು, ನಮ್ಮ ಮನೆಯಲ್ಲಿ ಏನು ಎಲ್ಲಿದೆ ಅಂತ ಅದಕ್ಕೆ ತಿಳಿಯದು. ಕಪ್ಪು ಪರದೆಯ ಮೇಲೆ ಗ್ರಬ್ (ಲಿನಕ್ಸನ್ನು ಕರೆದು ಎಬ್ಬಿಸುವ ಪ್ರೋಗ್ರಾಮಿನ ಹೆಸರು) ಅಂತ ಒಂದೇ ಪದ ಬರೆದು, ಪಕ್ಕದಲ್ಲಿ ಒಂದು ಬಾಣ ಹಾಕಿ, ಮುಂದೇನು ಅಂತ ಕೇಳುತ್ತಾ ನಿಂತುಬಿಟ್ಟಿತು. ನಾಲ್ಕು ಸಾಲು ಕೈಯಲ್ಲಿ ಹೊಡೆದರೆ ಮುಂದಕ್ಕೆ ಹೋಗುತ್ತದೆ. ಭಾನುವಾರ ಸರಿ ಮಾಡ್ತೀನಿ, ಅಲ್ಲಿವರೆಗೆ ಆಫೇ ಮಾಡಬೇಡ ಅಂತ ಅಮ್ಮನಿಗೆ ಹೇಳಿ, ಕೀಬೋರ್ಡನ್ನು ಪಕ್ಕದಲ್ಲೇ ಬಿಟ್ಟು ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತಿದೆ.

ಮೂರು ಜನರ ಸೀಟಿನಲ್ಲಿ ನಾಲ್ಕನೆಯವನಾಗಿ ಅರ್ಧ ಕೂತಿದ್ದೆ. ಹಿರೇಹಳ್ಳಿ ಬರುವಷ್ಟರಲ್ಲಿ ಅಮ್ಮನ ಫೋನು. ರೈಲಿನ ಸದ್ದಿಗೆ ಕೇಳಿಸದೆ ಸ್ಪೀಕರ್ ಹಾಕಿದೆ.

"ಗುಬ್ಬಿ ಬಂತು ಕಣೋ" ಅಂದಳು.

"ಏನಮ್ಮ?"

"ಗುಬ್ಬೀಲಿ ನಿಂತುಬಿಟ್ಟಿದೆ. ಮುಂದಕ್ಕೆ ಹೋಗ್ತಾನೇ ಇಲ್ಲ."

ಅಮ್ಮ ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ತುಮಕೂರಿಂದ ತವರಿಗೆ ಹೋಗುವ ದಾರಿಯ ಗುಬ್ಬಿ, ನಿಟ್ಟೂರು ಸ್ಟೇಷನ್ನುಗಳೆಲ್ಲ ಬಾಯಿಪಾಠ. ಗ್ರಬ್ ಅನ್ನುವುದು ಗುಬ್ಬಿಯಾಗಲು ಇಷ್ಟು ಸಾಕು. ಇದು ನನಗೆ ಹೊಳೆಯುವ ಮೊದಲೇ ಪಕ್ಕದವರು ಸಮಾಧಾನ ಹೇಳಿದರು. "ಕ್ರಾಸಿಂಗ್ ಇರ್ಬೇಕು ಬಿಡಿ ಸಾರ್, ಹತ್ತು ನಿಮಿಷದಲ್ಲಿ ಬಿಡ್ತಾರೆ. ತಾಯಿಯವರು ಒಬ್ರೇ ಹೊರಟಿದ್ದಾರಾ?"

ಅವರಿಗೆ ವಿವರಿಸಲು ಹೊತ್ತಿಲ್ಲ. ಅಮ್ಮನಿಗೆ ಹತ್ತೂವರೆಗೆ ಯಾವುದೋ ಪ್ರವಚನ ಲೈವ್ ಇದೆಯಂತೆ. ಸರಿ, ಹಾಲಿನ ಲೆಕ್ಕದ ಪುಸ್ತಕ ತಗೋ, ಹೇಳ್ತೀನಿ, ಬರ್ಕೊಂಡು ಹೊಡಿ ಅಂದೆ. ಮೊದಲ ಸಾಲು, ಡಿಸ್ಕು ಎಲ್ಲಿದೆ ಅಂತ ತೋರಿಸುವುದು, ಹೇಗೋ ಆಯಿತು. ಎರಡನೇದು ಶುರು ಮಾಡಿದೆ.

"ಲಿನಕ್ಸ್ ಅಂತ ಹೊಡಿ. ಈಗ ಜಾಗ ಬಿಡು."

ಪಕ್ಕದವರು ಸರಿದು ಕೂತರು.

"ಓರೆ ಗೆರೆ. ಆಮೇಲೆ ವಿ, ಎಂ, ಎಲ್, ಐ, ಎನ್, ಯು, ಝಡ್. ಮತ್ತೆ ಜಾಗ ಬಿಡು."

ಎದುರು ಸೀಟಿನ ಹೆಂಗಸು ಮುಖ ಸಿಂಡರಿಸಿಕೊಂಡು ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡರು. ನಾನು ಈಗ ಪೂರ್ತಿ ಕೂತಿದ್ದೆ. ಸುಳ್ಳು ಯಾಕೆ ಹೇಳಲಿ, ಆರಾಮಾಗಿತ್ತು.

"ರೂಟ್, ಸಮ ಅನ್ನೋ ಗುರುತು, ಓರೆ ಗೆರೆ, ಡಿ ಇ ವಿ, ಓರೆ ಗೆರೆ, ಎಂ ಎಂ ಸಿ ಬಿ ಎಲ್ ಕೆ, ಸೊನ್ನೆ, ಪಿ, ಎರಡು."

"ಎಷ್ಟು ಎಂ?"

"ಎರಡಮ್ಮ."

ಮೂರನೇ ಸಾಲೂ ಆಯಿತು. "ಕೊನೇದು. ಬೂಟ್ ಅಂತ ಹೊಡಿ."

"ಹೊಡೆದೆ. ಏನೂ ಆಗ್ಲಿಲ್ಲ."

"ಇನ್ನೊಂದ್ಸಲ ಬೂಟ್ ಹೊಡಿ. ಎಂಟರ್ ಒತ್ತು."

ಬೋಗಿ ತಣ್ಣಗಾಯಿತು. ಗುಬ್ಬಿಯಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಂಡ ಹೆತ್ತ ತಾಯಿಗೆ, ಯಾರಿಗೋ ಎರಡೆರಡು ಸಲ ಬೂಟಲ್ಲಿ ಹೊಡಿ ಅಂತ ಹೇಳಿಕೊಡುವ ಮಗನನ್ನು ಜನ ಹೇಗೆ ನೋಡಬೇಕೋ ಹಾಗೇ ನೋಡಿದರು. ಬಾಗಿಲ ಹತ್ತಿರ ಇಸ್ಪೀಟು ಆಡುತ್ತಿದ್ದವರೂ ಎಲೆ ಕೆಳಗಿಟ್ಟರು.

"ಏನೇನೋ ಓಡ್ತಾ ಇದೆ ಕಣೋ!" ಅಂದಳು ಅಮ್ಮ. ಗೆದ್ದೆವು ಅಂದುಕೊಂಡೆ. ಅರ್ಧ ನಿಮಿಷ ಸದ್ದಿಲ್ಲ. ಆಮೇಲೆ, "ನಿಂತೋಯ್ತು. ಬೇರೇನೋ ಬರೆದಿದೆ. ಗೇವ್ ಅಪ್ ವೇಟಿಂಗ್ ಅಂತೆ."

ಕಾದು ಕಾದು ಸಾಕಾಯ್ತು ಅಂತ ಅರ್ಥ. ಲಿನಕ್ಸ್ ಡಿಸ್ಕನ್ನು ಹುಡುಕಿ, ಸಿಗದೆ, ಇನಿಟ್‌ರ್‍ಯಾಮ್‌ಎಫ್‌ಎಸ್ ಅನ್ನುವ ಇನ್ನೊಂದು ಕಪ್ಪು ಪರದೆಯಲ್ಲಿ ಕೈಚೆಲ್ಲಿದಾಗ ಹೇಳುವ ಮಾತದು. ನನಗೆ ತಕ್ಷಣ ಹೊಳೆಯಿತು, ಅಮ್ಮ ಸೊನ್ನೆ ಬದಲು ಇಂಗ್ಲಿಷ್ ಓ ಹೊಡೆದಿದ್ದಾಳೆ. ತಪ್ಪು ಅವಳದಲ್ಲ. ಕೀಬೋರ್ಡ್ ಎದುರು ಕೂತವರಿಗೆ ಓ ಕಣ್ಣಿಗೆ ಬಿದ್ದರೆ ಸೊನ್ನೆ ಯಾಕೆ ಹುಡುಕುತ್ತಾರೆ?

"ಅಯ್ಯೋ, ಹೋಗ್ಲಿ ಬಿಡು" ಅಂದಳು ಅಮ್ಮ. "ಗುಬ್ಬಿ ದಾಟ್ತಲ್ಲ. ಈಗ ನಿಟ್ಟೂರಲ್ಲಿದೆ ಅಂತ ಇಟ್ಕೊ. ಮತ್ತೆ ಮೊದಲಿಂದ ಹೊರಡಿಸ್ತೀನಿ."

ಪಕ್ಕದವರು ನನ್ನ ಮೊಣಕೈ ಮುಟ್ಟಿ, "ನಿಟ್ಟೂರಿಂದ ಬಸ್ ಸಿಗುತ್ತೆ ಸಾರ್" ಅಂದರು.

ದಾಬಸ್‌ಪೇಟೆ ದಾಟುವಾಗ ಅಮ್ಮನೇ ಮತ್ತೆ ಫೋನ್ ಮಾಡಿದಳು. ಪ್ರವಚನ ಹುಡುಕಿಟ್ಟುಕೊಂಡಾಗಿತ್ತು. ನನ್ನನ್ನು ಕೇಳದೆ, ಪುಸ್ತಕ ನೋಡಿಕೊಂಡು ನಾಲ್ಕೂ ಸಾಲು ಹೊಡೆದಿದ್ದಳು. ಆ ವಾರವೆಲ್ಲ ದಿನಾ ಬೇಕಂತಲೇ ಆಫ್ ಮಾಡಿ, ದಿನಾ ಬೆಳಿಗ್ಗೆ ಹಾಲು ಕಾಯಿಸಲು ಇಟ್ಟು, ಅದು ಉಕ್ಕುವುದರೊಳಗೆ ಹೊಡೆದು ಮುಗಿಸುತ್ತಿದ್ದಳು ಅಂತ ಆಮೇಲೆ ಹೆಂಡತಿ ಹೇಳಿದಳು. ಆ ಪುಟ ನಾನೂ ನೋಡಿದ್ದೇನೆ. ಮೇಲೆ "ಅರ್ಧ ಲೀಟರ್, ಅರ್ಧ, ಒಂದು, ಬಂದಿಲ್ಲ" ಅಂತ ಲೆಕ್ಕ, ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ಸೊನ್ನೆ ಬರುವ ಕಡೆ ಅರಿಶಿನದ ಬೆರಳಿನ ಒಂದು ಗುರುತು.

ಭಾನುವಾರ ಕೂತು ಸರಿ ಮಾಡಿದೆ. ಹತ್ತು ನಿಮಿಷದ ಕೆಲಸ. ಆ ಬೇರೆ ಮನೆಯ ಫೈಲ್ ಕಿತ್ತುಹಾಕಿ, ಗ್ರಬ್ಬನ್ನು ಮತ್ತೆ ಇನ್‌ಸ್ಟಾಲ್ ಮಾಡುವ ಆಜ್ಞೆಗೆ ರಿಮೂವಬಲ್ ಅಂತ ಒಂದು ಬಾಲ ಸೇರಿಸಿದರೆ ಆಯಿತು, ಬ್ಯಾಟರಿ ಸತ್ತರೂ ದಾರಿ ಮರೆಯುವುದಿಲ್ಲ. ಆನ್ ಮಾಡಿ ಅಮ್ಮನ ಕೈಗೆ ಕೊಟ್ಟೆ. ನೇರ ಪರದೆ ಬಂತು. ಅವಳು ಕೀಬೋರ್ಡ್ ಮೇಲೆ ಎರಡೂ ಕೈ ಇಟ್ಟು ಕಾಯುತ್ತಲೇ ಇದ್ದಳು. "ಗುಬ್ಬಿ ಬರಲೇ ಇಲ್ವಲ್ಲೋ" ಅಂದಳು. ಇನ್ನು ಬರಲ್ಲಮ್ಮ ಅಂದೆ. ಓಹೋ ಅಂದು ಪುಸ್ತಕ ಎತ್ತಿ ಫ್ರಿಜ್ ಮೇಲಿಟ್ಟಳು.

ಮೊನ್ನೆ ರಾತ್ರಿ ಎದುರು ಮನೆಯ ಇಂಜಿನಿಯರಿಂಗ್ ಓದುವ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಲಿನಕ್ಸ್ ಬೇಡ ಅಂತ ಅದರ ಪಾರ್ಟಿಷನ್ ಅಳಿಸಿದ್ದನಂತೆ, ಈಗ ಏನೂ ಆನ್ ಆಗುತ್ತಿಲ್ಲ. ಬೆಳಿಗ್ಗೆ ಸಬ್‌ಮಿಷನ್. ಅಂಕಲ್ ಇದ್ದಾರಾ ಅಂತ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾನು ಊಟಕ್ಕೆ ಕೂತಿದ್ದೆ, ಕೈ ತೊಳೆದು ಏಳುವುದರೊಳಗೆ ಅಮ್ಮ ಫ್ರಿಜ್ ಮೇಲಿನ ಪುಸ್ತಕ ಎತ್ತಿಕೊಂಡು, ಕನ್ನಡಕ ಹಾಕಿಕೊಂಡು ಬಾಗಿಲಿಗೆ ಹೋಗಿಯಾಗಿತ್ತು.

"ಗುಬ್ಬೀಲಿ ನಿಂತಿದೆಯೇನಪ್ಪಾ," ಅಂತ ಕೇಳಿದಳು, "ನಿಟ್ಟೂರಲ್ಲೋ?"