ಸಭಾಂಗಣ ಆಮೇಲೆ ಕಟ್ಟಿ, ಮೊದಲು ಕೂರಲು ಜಾಗ ಕೊಡಿ

ನಿನ್ನೆ ನಮ್ಮ ಹಳೇ ಕ್ಯಾಂಪಸ್ಸಿಗೆ ಹೋಗಿ ಬಂದಾಗಿನಿಂದ ಮನಸ್ಸು ಕುದಿಯುತ್ತಿದೆ. ಪಾಠಗಳ ನಡುವೆ ಮಕ್ಕಳು ಬಂದು ಕೂರುವ ವಿದ್ಯಾರ್ಥಿ ಭವನವನ್ನು ದೊಡ್ಡದು ಮಾಡುತ್ತಾರಂತೆ. ನಕ್ಷೆಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ಖುಷಿಯಿಂದಲೇ ನೋಡಲು ನಿಂತೆ. ನೋಡಿದರೆ ಮೇಲೊಂದು ಮಹಡಿ, ಅದರ ತುಂಬ ಎ.ಸಿ. ಸಭಾಂಗಣ. ಕೆಳಗೆ ಮಕ್ಕಳು ಕೂರುವ ಜಾಗ ಮಾತ್ರ ಈಗ ಇದ್ದಷ್ಟೇ. ಒಂದಡಿಯೂ ಜಾಸ್ತಿ ಇಲ್ಲ.

ಪುಣೆಯ ಜುಲೈ ಮಳೆ ಗೊತ್ತಲ್ಲ. ಮರದ ಕೆಳಗಿನ ಕಟ್ಟೆಗಳೆಲ್ಲ ಖಾಲಿಯಾಗಿ ಇಡೀ ಕ್ಯಾಂಪಸ್ಸು ಆ ಒಂದೇ ಕಟ್ಟಡಕ್ಕೆ ನುಗ್ಗುತ್ತದೆ. ಕ್ಯಾಂಟೀನಿನಲ್ಲಿ ಒಬ್ಬಳು ವಡಾಪಾವ್ ತಿನ್ನುತ್ತಿದ್ದಳು. ಅವಳ ತಟ್ಟೆಗೆ ಅಂಟಿಕೊಂಡಂತೆ ಇನ್ನೊಬ್ಬಳು ಪ್ರಾಕ್ಟಿಕಲ್ ಜರ್ನಲ್ ಬರೆಯುತ್ತಿದ್ದಳು. ಪಕ್ಕದವರ ಕೊಡೆಯ ನೀರು ಹಾಳೆಗೆ ತಾಗದಿರಲಿ ಅಂತ ಎಡಗೈಯನ್ನು ಅಡ್ಡ ಇಟ್ಟುಕೊಂಡಿದ್ದಳು.

ಮೆಟ್ಟಿಲ ಮೇಲೆ ನಾಟಕದ ಹುಡುಗರ ತಾಲೀಮು. ಪುರುಷೋತ್ತಮ ಕರಂಡಕ ಹತ್ತಿರ ಬಂತಲ್ಲ. 1963ರಿಂದ ನಡೆದುಬಂದಿರುವ ಏಕಾಂಕ ಸ್ಪರ್ಧೆ ಅದು. ಅದು ನಡೆಯುವ ಭರತ ನಾಟ್ಯ ಮಂದಿರದ ರಂಗದ ಮೇಲೆ ನಿಲ್ಲಬೇಕು ಅನ್ನೋದು ಇಲ್ಲಿನ ಕಾಲೇಜು ಹುಡುಗರ ಕನಸು. ಆ ಕನಸು ಹೊತ್ತವರು, ಯಾರಾದರೂ ಮೆಟ್ಟಿಲು ಹತ್ತಿ ಬಂದಾಗಲೆಲ್ಲ, ಅರ್ಧ ಮಾತಿಗೆ ನಿಲ್ಲಿಸಿ, ಕಾಲು ಮಡಚಿ ದಾರಿ ಬಿಡುತ್ತಿದ್ದರು. ನೋಡಿ ಹೊಟ್ಟೆ ಉರಿಯಿತು.

ಇನ್ನೊಂದು ಭಯವೂ ಇದೆ. ಶಾಲಾ ಕಾಲೇಜು ಕಟ್ಟಡದ ಮೆಟ್ಟಿಲು ಕನಿಷ್ಠ 1.5 ಮೀಟರ್ ಅಗಲ ಇರಬೇಕು ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಎರಡೂ ಬದಿಗೆ ಮಕ್ಕಳು ಕೂತರೆ ಉಳಿಯೋದೆಷ್ಟು? ಮೇಲಿನ ಸಭಾಂಗಣದಿಂದ ಜನರೆಲ್ಲ ಇಳಿಯಬೇಕಾಗಿರುವುದೂ ಇದೇ ಮೆಟ್ಟಿಲಲ್ಲಿ. ನಕ್ಷೆಯಲ್ಲಿ ಎರಡನೆಯದು ಕಾಣಲಿಲ್ಲ.

"ಸಭಾಂಗಣವೂ ಮಕ್ಕಳಿಗೇ ತಾನೆ?" ಅಂದರು ಅಲ್ಲಿದ್ದ ಹಿರಿಯರೊಬ್ಬರು. ಅಲ್ಲ ಸರ್. ಸಭಾಂಗಣಕ್ಕೆ ಬೀಗ ಇರುತ್ತದೆ. ಬೀಗದ ಕೈ ಆಫೀಸಿನಲ್ಲಿರುತ್ತದೆ. ಅರ್ಜಿ, ಸಹಿ, ಠೇವಣಿ ಎಲ್ಲ ಆದ ಮೇಲೆ ಎರಡು ಗಂಟೆ ಸಿಗುತ್ತದೆ. ಪಾಠ ಮುಗಿದ ಮೇಲೆ ಮನೆಗೆ ಹೋಗಲಿ ಅನ್ನುವವರೂ ಇದ್ದಾರೆ. ಭೋಸರಿಯಿಂದ, ಹಡಪಸರದಿಂದ ಪಿಎಂಪಿಎಂಎಲ್ ಸಿಟಿ ಬಸ್ಸಿನಲ್ಲಿ ನಿಂತು ಬರುವ ಹುಡುಗಿ ಬೆಳಗಿನ ಪಾಠಕ್ಕೂ ಮಧ್ಯಾಹ್ನದ ಪ್ರಾಕ್ಟಿಕಲ್‌ಗೂ ನಡುವೆ ಮನೆಗೆ ಹೋಗಿ ಬರೋಕಾಗುತ್ತಾ? ಆ ನಡುವಿನ ಹೊತ್ತು ಅವಳು ಎಲ್ಲಿರಬೇಕು?

ಒಂದು ಕಾಲದಲ್ಲಿ ಊರೇ ಆ ಜಾಗ ಕೊಡುತ್ತಿತ್ತು. ಫರ್ಗ್ಯುಸನ್ ರಸ್ತೆಯ ವೈಶಾಲಿಯನ್ನೇ ನೋಡಿ. ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲು. ಒಂದು ಕಾಫಿ ಹಿಡಿದು ಹರಟುತ್ತ ತಲೆಮಾರುಗಳೇ ಅಲ್ಲಿ ಬೆಳೆದಿವೆ. ಈಗ ರಜೆ ದಿನ ಅಲ್ಲಿ ಮೇಜು ಸಿಗಬೇಕಾದರೆ ಹೊರಗೆ ಸಾಲಲ್ಲಿ ಕಾಯಬೇಕು. ಓದಲು ಜಾಗ ಬೇಕಾದವರು ಸದಾಶಿವ ಪೇಟೆಯಲ್ಲಿ ತಿಂಗಳಿಗಿಷ್ಟು ಅಂತ ಕೊಟ್ಟು ಅಭ್ಯಾಸಿಕೆಯಲ್ಲಿ, ಅಂದರೆ ಬಾಡಿಗೆಯ ಓದುಕೋಣೆಯಲ್ಲಿ, ಕುರ್ಚಿ ಹಿಡಿಯುತ್ತಾರೆ. ಫೀಸು ಕಟ್ಟಿದ ಕ್ಯಾಂಪಸ್ಸಿನಲ್ಲಿ ಕುರ್ಚಿ ಇಲ್ಲ, ಅದಕ್ಕೆ ಹೊರಗೆ ಇನ್ನೊಮ್ಮೆ ದುಡ್ಡು. ಇದು ಅನ್ಯಾಯ ಅಲ್ವಾ?

ನನಗೇಕೆ ಇಷ್ಟು ಸಂಕಟ ಅಂತ ಹಳೇ ಗೆಳೆಯರಿಗೆ ಗೊತ್ತು. ಧಾರವಾಡದಿಂದ ಬಂದಾಗ ನನಗೆ ಒಂದಕ್ಷರ ಮರಾಠಿ ಬರುತ್ತಿರಲಿಲ್ಲ. ರಾತ್ರಿ ಹಾಸ್ಟೆಲಿನಲ್ಲಿ ಅಳುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಇದೇ ಭವನದ ಕಿಟಕಿ ಪಕ್ಕದ ಬೆಂಚಿನಲ್ಲಿ ಸುಮ್ನೆ ಕೂತಿದ್ದಾಗ ಸಾತಾರಾದ ಹುಡುಗಿಯೊಬ್ಬಳು ಡಬ್ಬಿ ಬಿಚ್ಚಿ ಭಾಕರಿ ಮುರಿದು ಕೊಟ್ಟಳು. ನನ್ನ ಮರಾಠಿ ಶುರುವಾದದ್ದು ಅಲ್ಲಿ. ಯಾವ ಸಭಾಂಗಣದಲ್ಲಿ ಹಾಗೆ ಆಗುತ್ತದೆ ಹೇಳಿ. ಅಲ್ಲಿ ಎಲ್ಲರೂ ವೇದಿಕೆ ಕಡೆ ಮುಖ ಮಾಡಿ ಕೂತಿರುತ್ತಾರೆ.

ಮಕ್ಕಳನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. 1994ರ ವಿಶ್ವವಿದ್ಯಾಲಯ ಕಾನೂನಿನ ನಂತರ ಮಹಾರಾಷ್ಟ್ರದಲ್ಲಿ ವಿದ್ಯಾರ್ಥಿಗಳ ನೇರ ಚುನಾವಣೆಯೇ ನಿಂತುಹೋಯಿತು. 2016ರ ಕಾನೂನು ಮತ್ತೆ ದಾರಿ ತೆರೆಯಿತು, ಸರಿ. ಆದರೆ ನಕ್ಷೆ ಬರೆಯುವಾಗ ಕೇಳೋಕೆ ಚುನಾವಣೆಯೇ ಬೇಕಾ? ಕ್ಯಾಂಟೀನಿಗೆ ಬಂದು ಒಂದು ಮಧ್ಯಾಹ್ನ ನಿಂತಿದ್ದರೆ ಗೊತ್ತಾಗುತ್ತಿತ್ತು.

ಈ ವಾರದೊಳಗೆ ಸಲಹೆ ಬರೆದು ಕೊಡಬಹುದಂತೆ. ನಾನು ಬರೆಯುತ್ತಿದ್ದೇನೆ. ಹಿಂದಿನ ಸೈಕಲ್ ಸ್ಟ್ಯಾಂಡಿನ ಕಡೆಗೆ ನೆಲಮಹಡಿಯನ್ನೇ ಚಾಚಲಿ. ಬೆಂಚು, ಪ್ಲಗ್ ಪಾಯಿಂಟು ಬರಲಿ. ತಾಲೀಮಿಗೆ ಬೀಗವಿಲ್ಲದ ಎರಡು ಕೋಣೆ ಇರಲಿ. ಇನ್ನೊಂದು ಮೆಟ್ಟಿಲು ಬೇಕೇ ಬೇಕು. ಪುಣೆಯಲ್ಲಿರುವ ಸಿವಿಲ್ ಎಂಜಿನಿಯರ್ ಗೆಳೆಯರೇ, ನಕ್ಷೆಯ ಫೋಟೊ ನನ್ನ ಹತ್ತಿರ ಇದೆ. ಯಾರು ನೋಡಿ ಕೊಡ್ತೀರಿ?