ಅವ್ವ ಕೂತ ಬೆಂಚು

ಕಳೆದ ತಿಂಗಳು ಅವ್ವ ಬೆಳಗಾವಿಯಿಂದ ಪುಣೆಗೆ ಬಂದಿದ್ದಳು. ಒಂದು ಸಂಜೆ ಜಂಗ್ಲಿ ಮಹಾರಾಜ್ ರಸ್ತೆಗೆ ಕರೆದುಕೊಂಡು ಹೋದೆ. ಇಲ್ಲಿಯವರ ಬಾಯಲ್ಲಿ ಅದು ಜೆ.ಎಂ. ರೋಡ್. ಮರದ ಕೆಳಗೆ ಬೆಂಚು ಕಂಡ ಕೂಡಲೇ ಅವ್ವ ನನ್ನ ಕೈ ಜಗ್ಗಿದಳು. "ಇಲ್ಲಿ ಕುಂತರ ಯಾರೂ ಏನೂ ಅನ್ನೂದಿಲ್ಲೇನು?"

ಆ ಮಾತು ಚುಚ್ಚಿತು. ಮದುವೆಯಾಗಿ ಬಂದಾಗಿನಿಂದ ಬೆಳಗಾವಿಯ ಪೇಟೆಬೀದಿ ಖಡೇಬಜಾರ್ ತುಳಿದವಳು ಅವಳು. ರಸ್ತೆಯಲ್ಲಿ ತನಗೂ ಕೂರುವ ಜಾಗ ಇರಬಹುದು ಅಂತ ಒಮ್ಮೆಯೂ ಅನಿಸಿಲ್ಲ.

2016ರ ಜನವರಿಯಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ಊರುಗಳ ಪಟ್ಟಿ ಬಂತು. ಪುಣೆಯೂ ಇತ್ತು, ನಮ್ಮ ಬೆಳಗಾವಿಯೂ ಇತ್ತು. ಆಫೀಸಿನಲ್ಲಿ ಎಲ್ಲರಿಗೂ ಕುಂದಾ ಹಂಚಿದ್ದೆ. ಆಮೇಲೆ ಜೆ.ಎಂ. ರೋಡಿನ ಫುಟ್‌ಪಾತ್ ಅಗಲವಾಯಿತು. ಬೆಂಚು ಬಂದವು, ಮಕ್ಕಳಿಗೆ ಆಟದ ಸಾಮಾನು ಬಂದವು.

ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಬಳೆ ಬೇಕಿತ್ತು. ಖಡೇಬಜಾರಿನಲ್ಲಿ ಫುಟ್‌ಪಾತ್ ಹತ್ತಿದಳು. ನಾಲ್ಕು ಹೆಜ್ಜೆಗೆ ಅಂಗಡಿಯ ಬೋರ್ಡು, ಅದರಾಚೆ ಸ್ಕೂಟರ್. ಇಳಿಯಬೇಕು ಅಂದರೆ ಅಂಚು ಮೊಳದಷ್ಟು ಎತ್ತರ. ನನ್ನ ಭುಜ ಹಿಡಿದು, ಒಂದೊಂದೇ ಕಾಲು ಇಳಿಸಿದಳು. ಅಷ್ಟರಲ್ಲೇ ಬೆನ್ನಿಗೆ ಕಾರಿನ ಹಾರ್ನ್. "ಬಳೀ ಬ್ಯಾಡ, ಮನೀಗೆ ನಡಿ" ಅಂದಳು. ಫುಟ್‌ಪಾತ್‌ನ ಎತ್ತರ 15 ಸೆಂಟಿಮೀಟರ್ ದಾಟಬಾರದು, ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಬಿಡಬೇಕು ಅಂತ ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲೇ ಹೇಳಿದೆ. ಅವ್ವನಂಥವರ ಮಂಡಿ ನೋಡಿಯೇ ಬರೆದ ಲೆಕ್ಕ ಅದು.

ಖಡೇಬಜಾರಿನಲ್ಲೂ ಗಾಡಿ ತೆಗೆಸಿ ಫುಟ್‌ಪಾತ್ ಅಗಲ ಮಾಡಬೇಕು ಅಂತ ಮರುದಿನ ನಮ್ಮ ಬಟ್ಟೆ ಅಂಗಡಿ ಕಾಕಾನ ಹತ್ತಿರ ಮಾತು ತೆಗೆದೆ. "ಗಾಡಿ ನಿಲ್ಲಸಾಕ ಜಾಗಾ ಇಲ್ಲಂದ್ರ ಗಿರಾಕಿ ಯಾಂವ ಬರ್ತಾನಪಾ?" ಅಂದರು. ಅಲ್ಲೇ ಒಂದು ತಾಸು ಕೂತೆ. ಬಾಗಿಲ ಎದುರಿನ ಕಾರು ಅಲುಗಾಡಲೇ ಇಲ್ಲ. ಯಾರದು ಅಂತ ಕೇಳಿದರೆ, ಪಕ್ಕದ ಅಂಗಡಿ ಮಾಲಕರದು! ಬೆಳಿಗ್ಗೆ ನಿಲ್ಲಿಸಿದ್ದು ರಾತ್ರಿ ಶಟರ್ ಎಳೆದ ಮೇಲೇ ಹೋಗುವುದು. ಆ ತಾಸಿನಲ್ಲಿ ಸೀರೆ ಕೊಂಡವರೆಲ್ಲ ಕೈಯಲ್ಲಿ ಚೀಲ ಹಿಡಿದು ನಡೆದು ಬಂದವರು, ಹಳ್ಳಿ ಬಸ್ಸು ಇಳಿದು ಬಂದವರು. ಅವರೆಲ್ಲ ಆ ಕಾರು ಸುತ್ತಿಯೇ ಒಳಗೆ ಬಂದರು. ಗಿರಾಕಿಯ ದಾರಿಗೆ ಅಡ್ಡ ನಿಂತದ್ದು ಏನು ಅಂತ ಕಾಕಾನೇ ನೋಡಬೇಕು, ಅಲ್ವಾ?

ಒಂದೇ ಸಲಕ್ಕೆ ರಸ್ತೆ ಅಗೆಯಿರಿ ಅಂತ ನಾನು ಹೇಳುತ್ತಿಲ್ಲ. ಪುಣೆಯಲ್ಲಿ 2021ರಲ್ಲಿ ಡಿಸೆಂಬರ್ 11ರಂದು ಲಕ್ಷ್ಮೀ ರಸ್ತೆಯ ಒಂದು ಭಾಗಕ್ಕೆ ವಾಹನ ಬಿಡದೆ ಪಾದಚಾರಿ ದಿನ ಮಾಡಿದರು. ಖಡೇಬಜಾರಿನಲ್ಲೂ ಒಂದು ಭಾನುವಾರ ಹಾಗೆ ಮಾಡಿ ನೋಡಲಿ. ಸಂಜೆ ಗಲ್ಲಾ ಎಣಿಸಿ ಕಾಕಾನೇ ಹೇಳಲಿ.

ಪುಣೆಯೆಲ್ಲ ಜೆ.ಎಂ. ರೋಡ್ ಅಲ್ಲ, ಅದನ್ನೂ ಹೇಳಬೇಕು. ನನ್ನ ಮನೆ ಮುಂದಿನ ಓಣಿಗೆ ಫುಟ್‌ಪಾತೇ ಇಲ್ಲ. ಅವತ್ತು ಆ ಬೆಂಚಿನ ಮೇಲೆ ಅರ್ಧ ತಾಸು ಕೂತರೂ ಅವ್ವನನ್ನು ಯಾರೂ ಮಾತಾಡಿಸಲಿಲ್ಲ. ಖಡೇಬಜಾರಿನ ಬಳೆ ಅಂಗಡಿಯಾಕೆ ಹಾಗಲ್ಲ. ಅವ್ವನನ್ನು ಕಂಡರೆ ತನ್ನ ಸ್ಟೂಲು ಬಿಟ್ಟುಕೊಟ್ಟು "ಬಾ ಯಕ್ಕಾ, ಕುಂದ್ರು" ಅನ್ನುತ್ತಾಳೆ. ಚಹಾ ತರಿಸುತ್ತಾಳೆ.

ಪುಣೆಯಲ್ಲಿ ಬಳೆ ಕೊಡಿಸುತ್ತೇನೆ ಅಂದೆ. ಅವ್ವ ಒಪ್ಪಲಿಲ್ಲ. ಆ ಅಂಗಡಿಯವೇ ಬೇಕಂತೆ. ಆದರೆ ದೀಪಾವಳಿ ಆದ ಮೇಲೆ ಅವಳು ಅಲ್ಲಿಗೆ ಹೋಗಿಯೇ ಇಲ್ಲ.